ಕಾಡಿನ ಹಳ್ಳದಲ್ಲಿ ಅಕ್ವೇರಿಯಂ ಗಿಡ ಹುಡುಕೋದು ಹೇಗೆ: ಗಿಡಕ್ಕಿಂತ ಮೊದ್ಲು ಹಳ್ಳ ನೋಡಿ

ಟ್ಯಾಂಕಲ್ಲಿ ಬೆಳೆಸ್ತಿರೋ ಗಿಡ ಅದರ ಸ್ವಂತ ಜಾಗದಲ್ಲಿ ಹೇಗಿರತ್ತೆ ಅಂತ ಕಣ್ಣಾರೆ ನೋಡ್ಬೇಕು ಅನ್ನೋ ಆಸೆ ಗಿಡ ಸಾಕೋರಿಗೆಲ್ಲ ಒಂದಲ್ಲ ಒಂದಿನ ಬಂದೇ ಬರತ್ತೆ. ಬಂದ್ಮೇಲೆ ಎಲ್ರೂ ಮಾಡೋ ಮೊದಲ ತಪ್ಪು ಅಂದ್ರೆ, ಹಳ್ಳಕ್ಕೆ ಇಳಿದ ಕೂಡ್ಲೇ ನೀರೊಳಗೆ ಹಸಿರು ಎಲ್ಲಿದೆ ಅಂತ ಹುಡುಕೋದು. ನಾನೂ ಹಾಗೇ ಮಾಡಿದ್ದೆ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಮೊಣಕಾಲುದ್ದ ನೀರಲ್ಲಿ ನಡೆದು ಏನೂ ಸಿಗದೆ ವಾಪಸ್ ಬರ್ತಾ, ಹೋಗೋವಾಗ ಕೂತು ಬೂಟಿನ ನೀರು ಸುರಿದಿದ್ನಲ್ಲ ಅದೇ ಬಂಡೆ ಹತ್ರ ಬಂದಾಗ ಅದರ ಬುಡದ ಕೆಸರಲ್ಲಿ ಕಂದು ಬಣ್ಣದ ಎಲೆ ಸಾಲಾಗಿ ನಿಂತಿರೋದು ಕಾಣಿಸ್ತು. ಬೆಳಿಗ್ಗೆ ಅದನ್ನ ಮರದಿಂದ ಉದುರಿದ ತರಗೆಲೆ ಅಂದ್ಕೊಂಡಿದ್ದೆ. ಕ್ರಿಪ್ಟೋಕೊರೈನ್ ಅದು, ಕೆಸುವಿನ ಕುಟುಂಬದ ನೀರುಗಿಡ, ಚಿಕ್ಕದಾಗಿ ಕ್ರಿಪ್ಟ್ ಅಂತಾರೆ. ಒಂದು ಗಿಡ ಅಲ್ಲ, ಒಂದು ಹಾಸಿಗೆಯಷ್ಟು ಅಗಲ. ಆವತ್ತಿಂದ ನಾನು ಮೊದ್ಲು ಗಿಡ ಹುಡುಕಲ್ಲ, ಹಳ್ಳ ಎಲ್ಲಿ ತಿರುಗ್ತಿದೆ, ಹೂಳು ಎಲ್ಲಿ ಕೂರ್ತಿದೆ, ಬಿಸಿಲು ಎಲ್ಲಿ ಬೀಳ್ತಿದೆ ಅಂತ ನೋಡ್ತೀನಿ, ಗಿಡ ಆಮೇಲೆ ತಾನಾಗೇ ಕಾಣಿಸತ್ತೆ.

ಹೊರಡೋ ಮೊದ್ಲು ಅನುಮತಿ ವಿಷಯ ಮುಗಿಸ್ಕೊಳ್ಳಿ. ಉಷ್ಣವಲಯದ ಒಳ್ಳೆ ಕಾಡು ಅಂದ್ರೆ ಬಹುಪಾಲು ಯಾವುದಾದ್ರೂ ನ್ಯಾಷನಲ್ ಪಾರ್ಕೋ ರಿಸರ್ವ್ ಫಾರೆಸ್ಟೋ ಆಗಿರತ್ತೆ, ಅಲ್ಲಿ ಕಾಲಿಡೋಕೆ ಒಂದು ಅನುಮತಿ, ಗಿಡ ಕೀಳೋಕೆ ಬೇರೇನೇ ಅನುಮತಿ. ಗಿಡ ದೇಶದಿಂದ ಹೊರಗೆ ಹೋಗ್ಬೇಕಂದ್ರೆ ರೋಗ ಇಲ್ಲ ಅಂತ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಬೇಕು. ಅದರ ಮೇಲೆ ನಗೋಯಾ ಪ್ರೊಟೊಕಾಲ್ ಅಂತ ಒಂದಿದೆ, 2010ರಲ್ಲಿ ಒಪ್ಪಿಗೆಯಾಗಿ 2014ರ ಅಕ್ಟೋಬರ್ 12ರಿಂದ ಜಾರಿಗೆ ಬಂದಿದೆ, ಒಂದು ದೇಶದ ಜೀವಸಂಪತ್ತನ್ನ ಸಂಶೋಧನೆಗೋ ಉತ್ಪನ್ನ ಮಾಡೋಕೋ ಬಳಸಿದ್ರೆ ಅದರ ಲಾಭದಲ್ಲಿ ಆ ದೇಶಕ್ಕೂ ಪಾಲು ಇರ್ಬೇಕು ಅನ್ನೋದು ಅದರ ತಿರುಳು. ಬಾಯಿಮಾತಿನ ಒಪ್ಪಿಗೆ ಲೆಕ್ಕಕ್ಕಿಲ್ಲ, ಕಾಗದದಲ್ಲಿ ಇರ್ಬೇಕು. ಕಾಗದ ಇಲ್ಲ ಅಂದ್ರೆ ಒಂದೆಲೇನೂ ಕೀಳ್ಬೇಡಿ, ಫೋಟೋ ತೆಗೀರಿ, ನೀರು ಅಳೀರಿ, ಬರ್ಕೊಳ್ಳಿ, ಬನ್ನಿ. ನನ್ನ ಹತ್ರ ಇರೋ ನೋಟ್‌ಬುಕ್‌ಗಳಲ್ಲಿ ಹೆಚ್ಚಿನ ಪಾಲು ಏನೂ ತರದೇ ಬಂದ ಟ್ರಿಪ್‌ಗಳದ್ದೇ, ಟ್ಯಾಂಕಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದಿರೋದೂ ಅವೇ.

ಯಾವಾಗ ಹೋಗ್ಬೇಕು ಅಂದ್ರೆ ಮಳೆ ನಿಂತು ನೀರು ಇಳಿದ ಮೇಲೆ. ನೀರು ತಿಳಿಯಾಗಿರತ್ತೆ, ಕಾಲಿಗೆ ನೆಲ ಸಿಗತ್ತೆ ಅನ್ನೋದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಹೂವು. ಈ ಹಳ್ಳದ ಗಿಡಗಳಲ್ಲಿ ಎಷ್ಟೋ ಜಾತಿ ವರ್ಷದಲ್ಲಿ ಅರ್ಧಕಾಲ ನೀರಡಿಯಲ್ಲಿದ್ದು, ನೀರು ಇಳಿದು ತಲೆ ಹೊರಗೆ ಬಂದಾಗಲೇ ಹೂ ಬಿಡೋದು. ಕೆಸುವಿನ ಕುಟುಂಬದ ಗಿಡಗಳಲ್ಲಂತೂ ಹೂ ಸಿಗ್ಲಿಲ್ಲ ಅಂದ್ರೆ ಹೆಸರು ಹೇಳೋದು ಬಹಳ ಕಷ್ಟ.

ಈಗ ಹಳ್ಳ ಓದೋದು ಹೇಗೆ ಅಂತ ನೋಡೋಣ, ಇದೇ ಮುಖ್ಯ, ಸ್ವಲ್ಪ ಉದ್ದ ಆಗತ್ತೆ.

ನೀರು ಬಂಡೆ ಮೇಲೆ ಧುಮುಕ್ತಾ ಜೋರಾಗಿ ಹರಿಯೋ ಕಡೆ ನೆಲದಲ್ಲಿ ಬೇರು ಬಿಡೋ ಗಿಡ ನಿಲ್ಲಲ್ಲ, ಮಣ್ಣೇ ನಿಲ್ಲಲ್ವಲ್ಲ. ಅಲ್ಲಿ ಕಲ್ಲಿಗೆ ಅಂಟ್ಕೊಳ್ಳೋವೇ ಇರೋದು. ಸೆಳೆತದಲ್ಲೇ ಬದುಕೋಕೆ ಹೊಂದ್ಕೊಂಡಿರೋ ಇಂಥ ಗಿಡಗಳಿಗೆ ರಿಯೋಫೈಟ್ ಅಂತಾರೆ. ಬೋರ್ನಿಯೋ ದ್ವೀಪದ ಬ್ಯೂಸೆಫಲಾಂಡ್ರ, ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಅನುಬಿಯಾಸ್ ಮತ್ತು ಬೋಲ್ಬಿಟಿಸ್, ಏಷ್ಯಾದ ಜಾವಾ ಫರ್ನ್ ಇವನ್ನೆಲ್ಲ ಹುಡುಕ್ಬೇಕಾದ್ರೆ ಬಂಡೆ ನೋಡಿ, ಅದ್ರಲ್ಲೂ ನೀರು ಏರಿದಾಗ ಮುಳುಗಿ ಇಳಿದಾಗ ಹೊರಗೆ ಬರೋ ಪಟ್ಟಿ ಇರತ್ತಲ್ಲ, ಬಂಡೆಯ ಬಣ್ಣ ಬದಲಾಗಿರೋ ಆ ಗೆರೆಯ ಆಚೆ ಈಚೆ. ಎಲೆ ಸಾಮಾನ್ಯವಾಗಿ ಕಿರಿದಾಗಿ, ದಪ್ಪಗೆ, ಕೈಯಲ್ಲಿ ಹಿಡಿದ್ರೆ ಚರ್ಮದ ಥರ ಇರತ್ತೆ, ಅಗಲ ಎಲೆ ಆದ್ರೆ ಪ್ರವಾಹಕ್ಕೆ ಹರಿದೇ ಹೋಗತ್ತೆ. ಬಂಡೆಯ ನೆತ್ತಿ ಮೇಲೆ ಹುಡುಕ್ಬೇಡಿ, ಹರಿವಿಗೆ ಬೆನ್ನು ಮಾಡಿರೋ ಬದಿ, ಸೀಳು, ಎರಡು ಬಂಡೆ ಸೇರೋ ಸಂದಿ ಇಲ್ಲೆಲ್ಲ ಕೈ ಅಲ್ಲ, ಟಾರ್ಚ್ ಹಾಕಿ ನೋಡಿ. ಸಂದಿಗೆ ಕಾಣದೆ ಕೈ ಹಾಕೋ ಅಭ್ಯಾಸ ಒಳ್ಳೇದಲ್ಲ, ಹಾವಿಗೂ ಅದೇ ಜಾಗ ಇಷ್ಟ.

ಜೋರು ನೀರಿನ ಬಂಡೆಗಳ ಮೇಲೆ ಪಾಚಿ ಥರಾನೇ ಕಾಣೋ, ಮುಟ್ಟಿದ್ರೆ ಬಂಡೆಗೆ ಮೆತ್ತಿದಂಗೆ ಇರೋ ಒಂದು ಪದರ ಸಿಗಬಹುದು, ನೀರು ಇಳಿದಾಗ ಅದರ ತುಂಬ ಪುಟ್ಟ ಪುಟ್ಟ ಹೂ ನಿಂತಿರತ್ತೆ. ಪೋಡೋಸ್ಟೆಮೇಸಿ ಅಂತ ಅದೊಂದು ಕುಟುಂಬ, ಪಾಚಿ ಅಲ್ಲ, ಪೂರ್ತಿ ಹೂಬಿಡೋ ಸಸ್ಯ. ನೋಡಿ ಖುಷಿಪಡಿ, ಕೆರೆದು ತರ್ಬೇಡಿ, ಮಾಮೂಲಿ ಅಕ್ವೇರಿಯಮ್ಮಲ್ಲಿ ಅದು ಬದುಕಲ್ಲ.

ಬಂಡೆ ಮುಗಿದು ಹಳ್ಳ ಸಮತಟ್ಟಾದ ಜಾಗಕ್ಕೆ ಬಂತು ಅಂದ್ರೆ ತಿರುವುಗಳನ್ನ ನೋಡಿ. ತಿರುವಿನ ಹೊರಬದಿಯಲ್ಲಿ ನೀರು ದಡ ಕೊರೀತಾ ಇರತ್ತೆ, ಒಳಬದಿಯಲ್ಲಿ ನಿಧಾನ ಆಗಿ ಮರಳು ಹೂಳು ಬಿಡ್ತಾ ಹೋಗತ್ತೆ. ಕ್ರಿಪ್ಟ್ ಜಾತಿ ಬೇಕಾದ್ರೆ ಆ ಒಳಬದಿ. ಹೂಳು, ಕೊಳೆತ ಎಲೆ, ಸಣ್ಣ ಮರಳು ಸೇರಿರೋ ಜಾಗ, ಮೇಲೆ ಮರದ ನೆರಳು. ಕಾಲು ಮೆಲ್ಲಗೆ ಇಡಿ, ಒಂದ್ಸಲ ಕೆಸರು ಎದ್ರೆ ಏನೂ ಕಾಣಲ್ಲ, ಅದಕ್ಕೇ ಯಾವಾಗ್ಲೂ ಕೆಳಗಿನಿಂದ ಮೇಲಕ್ಕೆ, ಹರಿವಿಗೆ ಎದುರಾಗಿ ನಡೀಬೇಕು, ಎದ್ದ ಕೆಸರು ಹಿಂದಕ್ಕೆ ಹೋಗತ್ತೆ, ಮುಂದಿನ ನೀರು ತಿಳಿಯಾಗೇ ಇರತ್ತೆ. ಪೋಲರೈಸ್ಡ್ ಕನ್ನಡಕ ಇದ್ರೆ ನೀರಿನ ಮೇಲಿನ ಹೊಳಪು ಕಡಿಮೆ ಆಗತ್ತೆ, ಇಲ್ಲಾಂದ್ರೆ ಪಾರದರ್ಶಕ ತಳ ಇರೋ ಒಂದು ಪ್ಲಾಸ್ಟಿಕ್ ಡಬ್ಬಿ ನೀರಿನ ಮೇಲೆ ಒತ್ತಿಟ್ಟು ಒಳಗೆ ನೋಡಿ, ಕಿಟಕಿ ತೆಗೆದಂಗೆ ಕಾಣಿಸತ್ತೆ.

ಮರ ಬಿದ್ದು ಆಕಾಶ ತೆರೆದಿರೋ ಕಡೆ ಕಥೆ ಬೇರೆ. ದಟ್ಟ ಕಾಡಲ್ಲಿ ಮೇಲಿನ ಬೆಳಕಿನ ಶೇಕಡಾ 1-2ರಷ್ಟೇ ನೆಲಕ್ಕೆ ಮುಟ್ಟೋದು, ಹಾಗಾಗಿ ಕಾಂಡ ಬಿಟ್ಟು ಮೇಲೇಳೋ ರೊಟಾಲ, ಪೊಗೊಸ್ಟೆಮನ್, ಲಿಮ್ನೋಫಿಲ ಇಂಥವು ಕತ್ತಲ ಹಳ್ಳದಲ್ಲಿ ಸಿಗೋದು ಅಪರೂಪ, ಬಿಸಿಲು ಬೀಳೋ ಅಂಚಲ್ಲಿ, ಹಳ್ಳ ಹೊರಗೆ ಬಂದು ಹುಲ್ಲುಗಾವಲು ಸೇರೋ ಕಡೆ, ಜವುಗಲ್ಲಿ ನೋಡ್ಬೇಕು. ಇನ್ನೂ ಕೆಳಗೆ, ಸಮುದ್ರದ ಉಬ್ಬರ ಒಳನುಗ್ಗೋ ಹೊಳೆಮುಖದಲ್ಲೂ ಕ್ರಿಪ್ಟ್ ಇದೆ, ಕ್ರಿಪ್ಟೋಕೊರೈನ್ ಸಿಲಿಯಾಟ, ಅದರ ಬೀಜ ತಾಯಿಗಿಡದ ಕಾಯೊಳಗೇ ಸಸಿಯಾಗಿ ಆಮೇಲೆ ನೀರಿಗೆ ಬೀಳೋದು, ಕಾಂಡ್ಲಾ ಮರದ ಥರಾನೇ.

ಒಸರು ಕಂಡ್ರೆ ಖಂಡಿತ ನಿಲ್ಲಿ. ದಡದಿಂದ ಅಂತರ್ಜಲ ಜಿನುಗಿ ಹಳ್ಳಕ್ಕೆ ಸೇರೋ ಜಾಗ ಅದು. ನೆಲದೊಳಗೆ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡಿ ಬಿಟ್ಟಿರೋ ಕಾರ್ಬನ್ ಡೈಆಕ್ಸೈಡ್ ಆ ನೀರಲ್ಲಿ ತುಂಬಿರತ್ತೆ, ಅದಕ್ಕೇ ಅದೇ ಹಳ್ಳದ ಬೇರೆ ಕಡೆ ಬಡಕಲಾಗಿರೋ ಗಿಡ ಒಸರಿನ ಬಾಯಲ್ಲಿ ಸೊಂಪಾಗಿ ಬೆಳೆದಿರೋದು ನೋಡಿದೀನಿ. ಒಂದೊಂದು ಕಡೆ ನೀರಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಬಣ್ಣಬಣ್ಣದ ಪೊರೆ, ಅಡಿಯಲ್ಲಿ ಕಿತ್ತಳೆ ಬಣ್ಣದ ಗಸಿ ಇರತ್ತೆ, ಯಾರೋ ಡೀಸೆಲ್ ಚೆಲ್ಲಿದಾರೆ ಅಂತ ಗಾಬರಿ ಆಗತ್ತೆ. ಒಂದು ಕಡ್ಡಿ ತಗೊಂಡು ಆ ಪೊರೆ ಮುಟ್ಟಿ ನೋಡಿ. ಗಾಜು ಒಡೆದ ಹಾಗೆ ಚೂರು ಚೂರಾಗಿ ಬೇರೆ ಬೇರೇನೇ ನಿಂತ್ರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ ಕೆಲಸ, ಮತ್ತೆ ಕೂಡ್ಕೊಂಡ್ರೆ ನಿಜವಾಗ್ಲೂ ಎಣ್ಣೆ. ಮೊದಲನೇದಾದ್ರೆ ಆ ನೀರಲ್ಲಿ ಕಬ್ಬಿಣ ಚೆನ್ನಾಗಿದೆ ಅಂತ ಅರ್ಥ, ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ.

ಅಳತೆ ಹೇಗೆ ಮಾಡ್ಬೇಕು ಅನ್ನೋದಕ್ಕೆ ಬರ್ತೀನಿ. ನೀರು ಎಷ್ಟು ಆಮ್ಲ ಅಂತ ತೋರಿಸೋ ಪಿಎಚ್ ಮೀಟರ್, ಕರಗಿದ ಉಪ್ಪಿನಂಶ ಅಳೆಯೋ ಟಿಡಿಎಸ್ ಮೀಟರ್, ಥರ್ಮಾಮೀಟರ್, ಒಂದು ಸ್ಕೇಲು, ಪೆನ್ಸಿಲ್ಲು. ಪೆನ್ನು ಬೇಡ, ನೀರು ಬಿದ್ರೆ ಶಾಯಿ ಹರಡತ್ತೆ. ಗಿಡದ ಬುಡದಲ್ಲೇ ಅಳೀರಿ, ಹಳ್ಳದ ಮಧ್ಯ ಅಲ್ಲ, ಒಂದು ಮಾರು ದೂರದಲ್ಲೇ ಲೆಕ್ಕ ಬದಲಾಗತ್ತೆ. ಗ್ರಾನೈಟ್ ಮರಳುಕಲ್ಲಿನ ಮೇಲೆ ಹರಿಯೋ ಕಾಡಿನ ನೀರಲ್ಲಿ ಕರಗಿದ ಉಪ್ಪಿನಂಶ ಎಷ್ಟು ಕಡಿಮೆ ಅಂದ್ರೆ ಟಿಡಿಎಸ್ ಎಷ್ಟೋ ಕಡೆ 30ಕ್ಕೂ ಕೆಳಗೆ ಬರತ್ತೆ, ಅಂಥ ನೀರಲ್ಲಿ ಪಿಎಚ್ ಮೀಟರ್ ಬೇಗ ನಿಲ್ಲಲ್ಲ, ಅಂಕಿ ಓಡ್ತಾನೇ ಇರತ್ತೆ, ಐದಾರು ನಿಮಿಷ ಕಾಯ್ಬೇಕು. ಅವಸರದಲ್ಲಿ ಬರ್ಕೊಂಡ ಪಿಎಚ್‌ನ ನಂಬ್ಬೇಡಿ. ಪೀಟ್ ಜವುಗಿಂದ, ಅಂದ್ರೆ ಅರೆಕೊಳೆತ ಎಲೆ ಬೇರು ಪದರವಾಗಿ ಕೂತಿರೋ ಜವುಗಿಂದ ಬರೋ ಕಪ್ಪು ಚಹಾದಂಥ ನೀರಾದ್ರೆ 4ರ ಹತ್ರ ತೋರಿಸಬಹುದು. ಅದೇ ಸುಣ್ಣಕಲ್ಲಿನ ಬೆಟ್ಟದ ಹಳ್ಳ ಆದ್ರೆ 7 ದಾಟಿ ಮೇಲೆ ಹೋಗತ್ತೆ, ಅಲ್ಲೂ ಕ್ರಿಪ್ಟ್ ಇರತ್ತೆ, ಥಾಯ್ಲೆಂಡ್ ಕಡೆ ಕ್ರಿಪ್ಟೋಕೊರೈನ್ ಕ್ರಿಸ್ಪಾಟುಲ ಗುಂಪಿನ ಕೆಲವು ಬಗೆ ಸುಣ್ಣದ ನೀರಲ್ಲೇ ಬೆಳೆಯೋದು. ಕ್ರಿಪ್ಟ್ ಅಂದ್ರೆ ಆಮ್ಲ ನೀರೇ ಬೇಕು ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ ಅನ್ನೋದಕ್ಕೇ ಇಷ್ಟು ಹೇಳಿದ್ದು. ಇವುಗಳ ಜೊತೆ ನೀರಿನ ಆಳ, ಗಿಡದ ಸುತ್ತ ಬೆರಳು ಎಷ್ಟು ಆಳಕ್ಕೆ ಇಳಿಯತ್ತೆ, ಬಿಸಿಲು ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಬೀಳತ್ತೆ, ಪಕ್ಕದಲ್ಲಿ ಏನೇನು ಬೆಳೆದಿದೆ ಇದನ್ನೂ ಬರೀರಿ.

ಗುರುತು ಹಿಡಿಯೋದು ನಿಧಾನದ ಕೆಲಸ. ನೀರೊಳಗಿನ ಎಲೆ ಒಂಥರ, ನೀರಾಚೆ ಬಂದ ಎಲೆ ಇನ್ನೊಂಥರ, ನೆರಳಲ್ಲಿ ಬೇರೆ, ಬಿಸಿಲಲ್ಲಿ ಬೇರೆ, ಒಂದೇ ಗಿಡದ ಎರಡು ತುದಿ ನೋಡಿ ಎರಡು ಜಾತಿ ಅಂದ್ಕೊಳ್ಳೋ ಹಾಗಿರತ್ತೆ. ದಕ್ಷಿಣ ಏಷ್ಯಾದ ಹಳ್ಳಗಳಲ್ಲಿ ಲಾಜಿನಾಂಡ್ರ ಮತ್ತು ಕ್ರಿಪ್ಟೋಕೊರೈನ್ ಎರಡೂ ಸಿಗತ್ತೆ, ದೂರದಿಂದ ಒಂದೇ ಥರ ಕಾಣತ್ತೆ, ಹೂವಿಲ್ದೆ ಇದ್ರೂ ಇವೆರಡನ್ನ ಬೇರೆ ಮಾಡೋಕೆ ಒಂದು ದಾರಿ ಇದೆ. ಗಿಡದ ನಟ್ಟನಡುವೆ ಇನ್ನೂ ಬಿಚ್ಚದೇ ಇರೋ ಎಳೆ ಎಲೆ ಹುಡುಕಿ, ಅದು ಸುರುಳಿ ಸುತ್ಕೊಂಡಿರತ್ತೆ. ಒಂದು ಅಂಚು ಒಳಗೆ, ಇನ್ನೊಂದು ಅಂಚು ಅದರ ಮೇಲಿಂದ ಹೊದ್ದು, ಚಾಪೆ ಸುತ್ತಿಟ್ಟಂಗೆ ಇದ್ರೆ ಕ್ರಿಪ್ಟೋಕೊರೈನ್. ಎರಡೂ ಅಂಚು ಎರಡು ಕಡೆಯಿಂದ ಒಳಮುಖವಾಗಿ ಸುತ್ತಿ ನಡುನರದ ಹತ್ರ ಬಂದು ನಿಂತಿದ್ರೆ, ಓಲೆಯ ಎರಡು ತುದಿಯಿಂದಲೂ ಸುರುಳಿ ಮಾಡಿದಂಗೆ, ಲಾಜಿನಾಂಡ್ರ. ಲೆನ್ಸ್ ಬೇಕಿಲ್ಲ, ಬರಿಗಣ್ಣಿಗೇ ಕಾಣತ್ತೆ. ಇಷ್ಟನ್ನೂ ಗಿಡ ಕೀಳದೆ ಬಗ್ಗಿ ನೋಡಿದ್ರೆ ಸಾಕು.

ಜಾತಿ ಮಟ್ಟಕ್ಕೆ ಹೋಗ್ಬೇಕಾದ್ರೆ ಹೂವೇ ಬೇಕು. ಕ್ರಿಪ್ಟ್ ಹೂವು ಒಂದು ಉದ್ದ ಕೊಳವೆ, ತುದಿಯಲ್ಲಿ ತಿರುಚಿರೋ ಅಥವಾ ಬಾಲ ಬಿಟ್ಟಿರೋ ಬಾಯಿ, ಬುಡದಲ್ಲಿ, ಎಷ್ಟೋ ಸಲ ಮಣ್ಣಿನೊಳಗೇ ಹೂತ್ಕೊಂಡು, ಪುಟ್ಟ ಗಡಿಗೆಯಂಥ ಒಂದು ಕೋಣೆ. ವಾಸನೆಗೆ ಸಣ್ಣ ನೊಣಗಳು ಬಂದು ಕೊಳವೆ ಇಳಿದು ಆ ಗಡಿಗೆಯಲ್ಲಿ ಸಿಕ್ಕಿಬೀಳ್ತವೆ, ಗಡಿಗೆಯ ತಳದಲ್ಲಿ ಹೆಣ್ಣುಹೂಗಳ ಒಂದು ಸುತ್ತು, ಅದರ ಮೇಲೆ ಒಂದು ಕಡ್ಡಿಯಲ್ಲಿ ಗಂಡುಹೂಗಳು, ಪರಾಗ ಮೈಗೆ ಮೆತ್ಕೊಂಡ ಮೇಲೇನೇ ನೊಣಕ್ಕೆ ಹೊರಗೆ ದಾರಿ. ಹೆಸರಿನ ಅರ್ಥಾನೇ ಮರೆಯಲ್ಲಿರೋ ಗದೆ ಅಂತ. ಹೂ ಸಿಕ್ರೆ ಬಾಯಿಯ ಬಣ್ಣ, ಒಳಗಿನ ಗಂಟಲಿನ ಬಣ್ಣ, ಕೊಳವೆಯ ಉದ್ದ ಇವುಗಳ ಫೋಟೋ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೀರಿ, ಒಣಗಿದ ಮೇಲೆ ಬಣ್ಣ ಉಳಿಯಲ್ಲ. ಬ್ಯೂಸೆಫಲಾಂಡ್ರದಲ್ಲೂ ಇದೇ ಪಾಠ. 1858ರಲ್ಲಿ ಆ ಕುಲಕ್ಕೆ ಹೆಸರಿಟ್ಟಿದ್ದು, ಗೂಳಿಯ ತಲೆ ಅಂತ ಅದರರ್ಥ, ಕೇಸರದ ಆಕಾರದಿಂದ ಬಂದಿದ್ದು. 2014ರವರೆಗೂ ಕೆಲವೇ ಜಾತಿ ಅಂತಿತ್ತು, ಆ ವರ್ಷ ಒಂದೇ ಅಧ್ಯಯನದಲ್ಲಿ ಎಷ್ಟೋ ಹೊಸ ಜಾತಿ ಸೇರಿ 30ರ ಹತ್ರ ಆಯ್ತು. ಮಾರಾಟದಲ್ಲಿ ಓಡಾಡೋ ನೂರಾರು ಬ್ಯೂಸ್ ಹೆಸರುಗಳು ಬಹುಪಾಲು ವ್ಯಾಪಾರದ ಹೆಸರುಗಳು, ಜಾತಿಯ ಹೆಸರಲ್ಲ.

ಅನುಮತಿ ಇದ್ದು ತರೋದಾದ್ರೆ ಎಷ್ಟು ತರ್ಬೇಕು? ನನ್ನ ಲೆಕ್ಕ ಹೇಳ್ತೀನಿ. ಆ ಜಾಗದಲ್ಲಿ ಗಿಡಗಳ ಒಂದೇ ಒಂದು ತಂಡ ಇದ್ರೆ ಏನೂ ಮುಟ್ಟಲ್ಲ. ಹಳ್ಳದುದ್ದಕ್ಕೂ ಹತ್ತಾರು ತಂಡ ಇದ್ರೆ ದೊಡ್ಡ ತಂಡದ ಅಂಚಿಂದ ಎರಡೋ ಮೂರೋ ತುಂಡು, ಅಷ್ಟೇ. ರಿಯೋಫೈಟ್ ಆದ್ರೆ ಬಂಡೆಯಿಂದ ಎಬ್ಬಿಸ್ಬೇಡಿ, ಬೇರು ಕಲ್ಲಿಗೆ ಅಂಟಿರೋ ಹಾಗೇ ಬಿಟ್ಟು, ಹರಿತವಾದ ಬ್ಲೇಡಲ್ಲಿ ರೈಜೋಮಿನ, ಅಂದ್ರೆ ಅಡ್ಡಕ್ಕೆ ಹರಡೋ ದಪ್ಪ ಕಾಂಡದ ತುದಿಯ ಹೆಬ್ಬೆರಳುದ್ದ, ಮೂರ್ನಾಲ್ಕು ಎಲೆ ಇರೋ ಹಾಗೆ ಕೊಯ್ಯಿರಿ, ಉಳಿದ ಬುಡ ಮತ್ತೆ ಚಿಗುರತ್ತೆ. ಕ್ರಿಪ್ಟ್ ಆದ್ರೆ ಬೆರಳು ಹೂಳಲ್ಲಿ ಇಳಿಸಿ ಓಡುಬೇರು ಯಾವ ಕಡೆ ಹೋಗಿದೆ ಅಂತ ತಡವಿ, ಮರಿಗಿಡ ಒಂದನ್ನ ಓಡುಬೇರು ಕತ್ತರಿಸಿ ಬಿಡಿಸ್ಕೊಳ್ಳಿ, ಎಳೀಬೇಡಿ. ಗುಂಡಿ ಮುಚ್ಚಿ. ಗಡ್ಡೆ ಗಿಡಗಳಲ್ಲಿ ಗಡ್ಡೆ ಕಿತ್ರೆ ಇಡೀ ಗಿಡಾನೇ ಹೋಯ್ತು. ದಕ್ಷಿಣ ಥಾಯ್ಲೆಂಡಿನ ರಾನೊಂಗ್ ಮತ್ತು ಫಾಂಗ್‌ನ್ಗಾ ಪ್ರಾಂತ್ಯಗಳ ಹೊಳೆಗಳಲ್ಲಿ ಮಾತ್ರ ಇರೋ ಕ್ರೈನಮ್ ಥಾಯಾನಮ್, ನೀರೀರುಳ್ಳಿ ಅಂತಾರಲ್ಲ ಅದು, ಹೊಳೆ ಹೂಳೆತ್ತಿದ್ದಕ್ಕೂ ಮಾರಾಟಕ್ಕೆ ಗಡ್ಡೆ ಕಿತ್ತಿದ್ದಕ್ಕೂ ಅಳಿವಿನಂಚಿಗೆ ಬಂದು ನಿಂತಿದೆ. ನನಗೆ ಆ ಗಿಡದ ಫೋಟೋ ನೋಡಿದಾಗೆಲ್ಲ ಹೊಟ್ಟೆ ಉರಿಯತ್ತೆ, ಅಷ್ಟುದ್ದ ಎಲೆ ಸೆಳೆತದಲ್ಲಿ ರಿಬ್ಬನ್ ಥರ ಆಡ್ತಾ ಇರೋ ಹೊಳೆ ಅದು.

ಕೆಸುವಿನ ಕುಟುಂಬದ ಗಿಡ ಕತ್ತರಿಸಿದ ಕೈಯಲ್ಲಿ ಕಣ್ಣು ಬಾಯಿ ಮುಟ್ಬೇಡಿ. ಕೆಸುವಿನ ಎಲೆ ತುರಿಸತ್ತಲ್ಲ ಅದೇ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಗಳು ಇವುಗಳಲ್ಲೂ ಇವೆ, ಲಾಜಿನಾಂಡ್ರದಲ್ಲಿ ಒಂದು ಜಾತಿಗೆ ಟಾಕ್ಸಿಕೇರಿಯ ಅಂತಾನೇ ಹೆಸರು.

ಪ್ಯಾಕ್ ಮಾಡೋವಾಗ ಚೀಲಕ್ಕೆ ನೀರು ತುಂಬೋದು ಬೇಡ. ನೀರು ಅಲುಗಾಡಿ ಎಲೆ ಜಜ್ಜಿ ಹೋಗತ್ತೆ, ಬಿಸಿ ಆದ್ರೆ ಕೊಳೆಯತ್ತೆ. ಮಣ್ಣು ತೊಳೆದು, ಒದ್ದೆ ಮಾಡಿ ಹಿಂಡಿದ ನ್ಯೂಸ್‌ಪೇಪರಲ್ಲಿ ಸುತ್ತಿ, ಜಿಪ್‌ಲಾಕ್ ಚೀಲಕ್ಕೆ ಹಾಕಿ, ಗಾಳಿ ತುಂಬಿ ಮುಚ್ಚಿ, ಚೀಲದ ಒಳಗೇ ಪೆನ್ಸಿಲಲ್ಲಿ ಬರೆದ ಚೀಟಿ. ಗಾಡಿಯೊಳಗೆ ಬಿಸಿಲಿಗೆ ಒಂದು ಗಂಟೆ ಇಟ್ರೂ ಕಥೆ ಮುಗೀತು, ಥರ್ಮೋಕೋಲ್ ಡಬ್ಬಿ ಬೇಕೇ ಬೇಕು, ಆದ್ರೆ ಐಸ್ ನೇರವಾಗಿ ತಾಗಬಾರ್ದು.

ನಿಮ್ಮ ಜೀವದ ಬಗ್ಗೆ ಈಗ. ಒಬ್ರೇ ಹೋಗ್ಬೇಡಿ, ಜಾಗ ಗೊತ್ತಿರೋ ಸ್ಥಳೀಯರೊಬ್ರು ಜೊತೆಗಿರ್ಲಿ. ನೀವು ನಿಂತಲ್ಲಿ ಬಿಸಿಲಿದ್ರೂ ಮೇಲೆ ಬೆಟ್ಟದಲ್ಲಿ ಮಳೆ ಬಿದ್ದಿರಬಹುದು. ಒಂದ್ಸಲ ನಾವು ಮೂರು ಜನ ಒಂದು ಕಿರಿದಾದ ಕೊರಕಲಲ್ಲಿ ಬಂಡೆ ಫೋಟೋ ತೆಗೀತಾ ಇದ್ವಿ, ನೀರಲ್ಲಿ ಇದ್ದಕ್ಕಿದ್ದಂಗೆ ತರಗೆಲೆ ಜಾಸ್ತಿ ತೇಲಿ ಬರೋಕೆ ಶುರುವಾಯ್ತು, ಜೊತೆಗಿದ್ದ ಹಿರಿಯರು ಅದನ್ನ ನೋಡಿ "ಮೇಲೆ ಹತ್ತಿ, ಈಗ್ಲೇ, ಬ್ಯಾಗ್ ಬಿಡಿ" ಅಂದ್ರು. ಹತ್ತಿ ನಿಂತು ಹತ್ತು ನಿಮಿಷ ಆಗಿರ್ಲಿಲ್ಲ, ನಾವು ನಿಂತಿದ್ದ ಬಂಡೆ ಕೆಂಪು ನೀರಲ್ಲಿ ಮುಳುಗಿಹೋಯ್ತು. ತರಗೆಲೆ ಕಡ್ಡಿ ಹೆಚ್ಚಾಗೋದು, ನೀರಿನ ಬಣ್ಣ ಕದಡೋದು, ಸದ್ದು ಬದಲಾಗೋದು, ಈ ಮೂರರಲ್ಲಿ ಒಂದು ಕಂಡ್ರೂ ದಡ ಹತ್ತಿ, ಖಚಿತ ಮಾಡ್ಕೊಳ್ಳೋಕೆ ಕಾಯ್ಬೇಡಿ. ಜಿಗಣೆಗೆ ಉದ್ದನೆ ಬಿಗಿ ಕಾಲುಚೀಲ ಸಾಕು, ಕಚ್ಚಿದ್ರೂ ಉಗುರಲ್ಲಿ ಮೆಲ್ಲಗೆ ಎಬ್ಬಿಸಿದ್ರೆ ಆಯ್ತು. ಕಾಲಲ್ಲಿ ಗಾಯ ಇದ್ರೆ ನೀರಿಗೆ ಇಳಿಯೋದು ಬೇಡ, ಪ್ರಾಣಿಗಳ ಮೂತ್ರ ಸೇರಿದ ನೀರಿಂದ ಇಲಿಜ್ವರ ಬರತ್ತೆ, ಹೋಗಿ ಬಂದ ಎರಡು ಮೂರು ವಾರದಲ್ಲಿ ಜ್ವರ ಮೈಕೈನೋವು ಬಂದ್ರೆ ಡಾಕ್ಟರಿಗೆ ಹಳ್ಳಕ್ಕೆ ಇಳಿದಿದ್ದನ್ನ ತಪ್ಪದೇ ಹೇಳಿ. ತಗ್ಗು ಪ್ರದೇಶದ ದೊಡ್ಡ ಹೊಳೆಗಳಲ್ಲಿ ಮೊಸಳೆ ಇದ್ಯಾ ಅಂತ ಮೊದ್ಲೇ ಕೇಳಿ.

ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗೋ ಮುಂಚೆ ಬೂಟು, ಬಲೆ, ಡಬ್ಬಿ ಎಲ್ಲ ಉಜ್ಜಿ ತೊಳೆದು ಪೂರ್ತಿ ಒಣಗಿಸಿ. ಕಳೆಗಿಡದ ಒಂದು ತುಂಡು, ಕಪ್ಪೆಗಳ ರೋಗದ ಶಿಲೀಂಧ್ರ ಇವೆಲ್ಲ ಒದ್ದೆ ಬೂಟಲ್ಲೇ ಪ್ರಯಾಣ ಮಾಡತ್ತೆ. ಹಾಗೇ ಅಪರೂಪದ ಗಿಡ ಸಿಕ್ರೆ ಅದರ ಜಿಪಿಎಸ್ ಜಾಗವನ್ನ ಎಲ್ಲೂ ಹಾಕ್ಬೇಡಿ, ಫೋಟೋದೊಳಗೆ ಸೇರಿರೋ ಲೊಕೇಶನ್ನೂ ಅಳಿಸಿ ಹಾಕಿ. ಜಾಗ ಬಯಲಾದ್ರೆ ಮುಂದಿನ ಸಲ ನೀವು ಹೋದಾಗ ಬರೀ ಬಂಡೆ ಇರತ್ತೆ.

ಮನೆಗೆ ಬಂದ ಗಿಡವನ್ನ ನೇರ ಟ್ಯಾಂಕಿಗೆ ಹಾಕ್ಬೇಡಿ. ಹರಿಯೋ ನೀರಲ್ಲಿ ಎಲೆಯ ಎರಡೂ ಬದಿ ಬೆರಳಿಂದ ಸವರಿ ತೊಳೀರಿ, ಬಸವನಹುಳುವಿನ ಮೊಟ್ಟೆ ಲೋಳೆಯ ಥರ ಅಂಟಿರತ್ತೆ. ಆಮೇಲೆ ಪಾರದರ್ಶಕ ಮುಚ್ಚಳ ಇರೋ ಡಬ್ಬಿಯಲ್ಲಿ, ಹಳ್ಳದಲ್ಲಿ ನೋಡಿದ ಹೂಳಿಗೆ ಹತ್ರದ ಮಣ್ಣು ಎರಡಿಂಚು ಹಾಕಿ, ಬೇರು ಮಾತ್ರ ಒದ್ದೆ ಇರೋ ಹಾಗೆ ನೆಟ್ಟು, ಮುಚ್ಚಳ ಹಾಕಿ, ಬಿಸಿಲು ತಾಗದ ಬೆಳಕಲ್ಲಿಡಿ. ರಿಯೋಫೈಟ್ ಆದ್ರೆ ಮಣ್ಣಲ್ಲಿ ಹೂಳದೆ ಕಲ್ಲಿಗೆ ದಾರದಲ್ಲಿ ಕಟ್ಟಿ. ಕ್ರಿಪ್ಟ್ ಆದ್ರೆ ಮೊದಲ ವಾರದಲ್ಲೇ ಎಲೆಗಳೆಲ್ಲ ಕರಗಿ ಲೋಳೆ ಆಗಬಹುದು, ಇದನ್ನ ನೋಡಿ ಸತ್ತೋಯ್ತು ಅಂತ ಬಿಸಾಕೋರೇ ಜಾಸ್ತಿ. ಕರಗಿದ ಎಲೆ ತೆಗೆದು, ರೈಜೋಮ್ ಒತ್ತಿ ನೋಡಿ, ಗಟ್ಟಿ ಇದ್ರೆ ಬದುಕಿದೆ, ಡಬ್ಬಿ ಮುಚ್ಚಿ ಬಿಡಿ. ಒಂದು ತಿಂಗಳು, ಕೆಲವೊಮ್ಮೆ ಎರಡು. ಚಾಪೆ ಸುತ್ತಿದಂಗೆ ಸುತ್ಕೊಂಡಿರೋ ಮೊದಲ ಎಲೆ, ಬೆಂಕಿಕಡ್ಡಿಗಿಂತ ಸಣ್ಣದು, ಮಣ್ಣಿಂದ ಮೇಲೆ ಬಂದಾಗ ನೋಟ್‌ಬುಕ್ ತೆಗೆದು ಆ ಹಳ್ಳದ ಪುಟದಲ್ಲೇ ತಾರೀಕು ಬರ್ಕೊಳ್ಳಿ, ಇನ್ನೂ ಎರಡು ಮೂರು ಎಲೆ ಬಿಡೋ ತನಕ ಮುಳುಗಿಸೋ ಮಾತು ಬೇಡ.